ಕೆರೆಯಾಚೆಯ ದೊರೆ

ಭೂಷಣಣ್ಣನ ಫೋನು ಮಾತಾಡುವುದನ್ನು ಮೊದಲ ಸಲ ಕೇಳಿದವರು ಅದು ಕೆಟ್ಟುಹೋಗಿದೆ ಅಂತಲೇ ತಿಳಿಯುತ್ತಿದ್ದರು. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಆ ದನಿಯನ್ನು ಅವರು ಎಷ್ಟು ವೇಗಕ್ಕೆ ಏರಿಸಿಟ್ಟಿದ್ದರೆಂದರೆ, ನಮಗೆಲ್ಲ ಕೇಳಿಸುತ್ತಿದ್ದದ್ದು ಬಿಸಿ ಎಣ್ಣೆಗೆ ಸಾಸಿವೆ ಬಿದ್ದ ಸದ್ದು ಮಾತ್ರ. ಆ ಚಟಪಟದ ನಡುವೆಯೇ ಅವರು ಇದ್ದಕ್ಕಿದ್ದಂತೆ ನಗುವರು, ಇಲ್ಲವೇ "ಥೂ, ಅಡ್ಡಕಸುಬಿ" ಎಂದು ಯಾರನ್ನೋ ಬೈಯುವರು. "ಸ್ವಲ್ಪ ನಿಧಾನಕ್ಕೆ ಇಡಬಾರದಾ ಅಣ್ಣ?" ಎಂದು ಕೇಳಿದ್ದಕ್ಕೆ, "ಇದಕ್ಕಿಂತ ನಿಧಾನ ಆದ್ರೆ ನಿದ್ದೆ ಬರತ್ತೆ ಕಣಮ್ಮ. ನೀವು ಕಣ್ಣಿರೋರು ಓದೋದು ನೋಡಿದ್ರೆ ನಂಗೆ ಅಯ್ಯೋ ಪಾಪ ಅನ್ಸತ್ತೆ" ಅಂದಿದ್ದರು. ಚಿಕ್ಕಂದಿನಲ್ಲೇ ಕಾಯಿಲೆ ಬಂದು ದೃಷ್ಟಿ ಹೋದವರು. ಅದರ ಬಗ್ಗೆ ಅವರಿಗೆ ಹೇಳಿಕೊಳ್ಳುವಂಥ ದುಃಖವೇನೂ ಇದ್ದಂತಿರಲಿಲ್ಲ, ಜಂಬ ಮಾತ್ರ ಬೇಕಾದಷ್ಟಿತ್ತು.

ಇಂದಿರಾನಗರದ ನೂರಡಿ ರಸ್ತೆಯಲ್ಲಿ ಹಳೆಯ ಬಂಗಲೆಯೊಂದರ ಮಹಡಿಯ ಮೇಲೆ ನಮ್ಮ ಆಫೀಸು. ಕೆಳಗೆ ಪಬ್ಬು. ನನ್ನದು ಗಿರಾಕಿಗಳ ದೂರಿಗೆ ಚಾಟ್‌ನಲ್ಲಿ ಉತ್ತರ ಬರೆಯುವ ಕೆಲಸ, ದಿನವಿಡೀ "ತೊಂದರೆಗಾಗಿ ಕ್ಷಮಿಸಿ" ಎಂದು ಟೈಪ್ ಮಾಡುವುದು. ನಮ್ಮ ಆ್ಯಪನ್ನು ಕಣ್ಣು ಕಾಣದವರೂ ಬಳಸಬಹುದೇ ಎಂದು ಪರೀಕ್ಷಿಸುವ ಕೆಲಸ ಭೂಷಣಣ್ಣನದು. ಪಕ್ಕದ ಮೇಜಿಗೆ ಬಂದು ಕೂತ ಮೊದಲ ದಿನವೇ, "ಯಾರಮ್ಮ ಅದು, ಕೀಬೋರ್ಡನ್ನ ಹಿಂಗ್ ಕುಟ್ತಿರೋದು? ಕ್ಷಮಿಸಿ ಅಂತ ಬರೀತಿದ್ದೀಯ, ಆದ್ರೆ ಬೈತಾ ಇರೋ ಹಾಗೆ ಕೇಳಿಸ್ತಿದೆ" ಅಂದರು. ನಾನು ದಂಗಾಗಿಹೋದೆ. "ನಂಗೊಬ್ಳು ಜಗಳಗಂಟಿ ಬೇಕಿತ್ತು. ಆಟಕ್ಕೆ ಬರ್ತೀಯಾ?" ಎಂದರು.

ಆ ಆಟದ ಹೆಸರು 'ಕೆರೆಯಾಚೆ'. ಅದನ್ನು ಕಟ್ಟಿದವರೂ ಭೂಷಣಣ್ಣನೇ. ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಅಕ್ಷರ. ನೀವು 'ಉತ್ತರ' ಎಂದು ಟೈಪ್ ಮಾಡಿದರೆ ಉತ್ತರಕ್ಕೆ ಒಂದು ಹೆಜ್ಜೆ ಹೋಗುತ್ತೀರಿ, ಹೋದ ಜಾಗ ಹೇಗಿದೆಯೆಂದು ನಾಲ್ಕು ಸಾಲು ಬರುತ್ತದೆ. ಬಯಲಿರಲಿ ಬೀದಿಯಿರಲಿ, ಅಂಥ ಒಂದೊಂದು ಜಾಗಕ್ಕೂ ಕೋಣೆ ಎಂದೇ ಹೆಸರು. ಅದೇ ಹೊತ್ತಿಗೆ ಆಟಕ್ಕೆ ಬಂದಿರುವ ಬೇರೆಯವರೂ ಅಲ್ಲೇ ಇರುತ್ತಾರೆ, ಅವರವರ ಮನೆಯಲ್ಲಿ ಕೂತು. ಅವರ ಜೊತೆ ಮಾತಾಡಬಹುದು, ವ್ಯಾಪಾರ ಮಾಡಬಹುದು, ಕತ್ತಿ ಹಿಡಿದು ಕಾದಾಡಬಹುದು. ಒಬ್ಬರು ಕುದುರೆಯವರು, ಒಬ್ಬರು ಸೂಲಗಿತ್ತಿ, ಒಬ್ಬರು ಕಳ್ಳ. ನಾನು ಕಮಲಿ ಎಂಬ ಹೆಸರಿನ ಸುಂಕದವಳಾದೆ. ಮರ್ಫಿ ಟೌನಿನ ನಲ್ಲಿಯ ಮುಂದೆ ಬೆಳೆದವಳಿಗೆ ಜಗಳ ಕಲಿಸಬೇಕೇ? ಒಂದು ವಾರದೊಳಗೆ ಕೆರೆಯಾಚೆಯ ವ್ಯಾಪಾರಿಗಳೆಲ್ಲ ನನ್ನ ಕಟ್ಟೆ ತಪ್ಪಿಸಿ ಸುತ್ತುದಾರಿ ಹಿಡಿದರು.

ಆಟದ ಒಡೆಯನಿಗೆ, ಅಂದರೆ ಭೂಷಣಣ್ಣನಿಗೆ, ಅಲ್ಲಿ ದೊರೆ ಎನ್ನುತ್ತಿದ್ದರು. ದೊರೆಗೆ ಎಲ್ಲ ಕೋಣೆಯೂ ಗೊತ್ತು, ಎಲ್ಲ ಗುಟ್ಟೂ ಗೊತ್ತು. ದೊರೆಯ ಕಟ್ಟಪ್ಪಣೆ ಒಂದೇ: ಆಟದೊಳಗೆ ಆಟದವರಾಗಿಯೇ ಮಾತಾಡಬೇಕು. ಯಾರಾದರೂ ಮರೆತು "ಗುರು, ಮೆಟ್ರೋ ಲೇಟಾಯ್ತು" ಎಂದುಬಿಟ್ಟರೆ ಅವರು ಹೋಗಿ ಕಲ್ಯಾಣಿಯ ಮೆಟ್ಟಿಲು ತೊಳೆಯಬೇಕು. ಒಂದೊಂದು ಮೆಟ್ಟಿಲಿಗೂ 'ತೊಳೆ' ಎಂದು ಟೈಪ್ ಮಾಡುತ್ತಾ ಇಳಿಯಬೇಕು, ಮಧ್ಯೆ ದೊರೆ ಬಂದು "ಆ ಮೂಲೇಲಿ ಪಾಚಿ ಹಾಗೇ ಇದೆಯಲ್ಲೋ" ಎನ್ನುವರು. ಶಿವಾಜಿನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಇಮ್ರಾನ್, ಆಟದ ಕೋಡ್ ಬರೆಯುವ ಕೆಲಸವನ್ನೆಲ್ಲ ನೋಡಿಕೊಳ್ಳುತ್ತಿದ್ದವನು, ಅವನೂ ತಪ್ಪಿಸಿಕೊಳ್ಳಲಿಲ್ಲ. "ಕ್ಯಾ ಅಣ್ಣಾ, ನಾನೇ ಬರೆದ ಮೆಟ್ಟಿಲು ನಾನೇ ತೊಳೀಬೇಕಾ?" ಎಂದು ಗೋಳಾಡುತ್ತಲೇ ತೊಳೆದ.

ಸುಂಕದ ಕಟ್ಟೆಯಲ್ಲಿ ಕೂತು ಕೂತು ಬೇಜಾರಾಗಿ, ನಾನೂ ಒಂದು ಜಾಗ ಕಟ್ಟುತ್ತೇನೆ ಅಂದೆ. ಅರಮನೆ ಬರೆದೆ. "ಇಲ್ಲಿ ಸುಂದರವಾದ ಅರಮನೆ ಕಾಣಿಸುತ್ತದೆ" ಎಂದು ಶುರುಮಾಡಿದ್ದೆ. ಭೂಷಣಣ್ಣ ಅಷ್ಟು ಕೇಳಿದವರೇ ಫೋನು ಮಗುಚಿಟ್ಟರು.

"ಕಾಣಿಸ್ತದೆ ಅಂತ ಬರೀಬೇಡ ಸುಜಿ. ನೋಡೋದು ಸೋಮಾರಿಗಳ ಕೆಲಸ. ಸುಂದರ ಅಂದ್ರೇನು? ನೆಲ ಕಾಲಿಗೆ ತಣ್ಣಗಿದೆಯಾ, ಸುಡ್ತಿದೆಯಾ? ಎಡಗಡೆಯಿಂದ ಏನ್ ವಾಸನೆ ಬರ್ತಿದೆ? ಮಾತಾಡಿದ್ರೆ ದನಿ ವಾಪಸ್ ಬರತ್ತಾ, ಹಾಗೇ ಹೋಗ್ಬಿಡತ್ತಾ? ಅದನ್ನ ಬರಿ."

ಹೇಳಿದ್ದಷ್ಟೇ ಅಲ್ಲ, ಭಾನುವಾರ ಹಲಸೂರಿಗೆ ಬರಹೇಳಿದರು. ಬಜಾರ್ ಬೀದಿಯ ತುದಿಯಲ್ಲಿ ನಿಲ್ಲಿಸಿ, "ಕಣ್ಮುಚ್ಚು, ನನ್ನ ಹೆಗಲು ಹಿಡ್ಕೋ, ಬಾ" ಅಂದರು. ನಾನು ಕಣ್ಣು ಮುಚ್ಚಿ ಅವರ ಹಿಂದೆ, ಅವರು ಬಿಳಿ ಕೋಲು ತಟ್ಟುತ್ತಾ ಮುಂದೆ. ಹಸುವೊಂದು ನನ್ನ ಕೈ ನೆಕ್ಕಿತು, ಕಿರುಚಿದೆ. ಹೂವು ಕಟ್ಟುತ್ತಿದ್ದ ಹೆಂಗಸೊಬ್ಬಳು, "ಅಯ್ಯೋ ಪಾವಂ, ಪೊಣ್ಣುಕ್ಕು ಕಣ್ಣು ತೆರಿಯಾದಾ ಅಣ್ಣಾ?" ಎಂದು ತಮಿಳಿನಲ್ಲಿ ಮರುಗಿದಳು. ಆ ಹುಡುಗಿಗೆ ಕಣ್ಣು ಕಾಣಿಸಲ್ಲವಾ ಅಂತ, ಅದೂ ಭೂಷಣಣ್ಣನ ಹತ್ತಿರ! ಅವರು ಗಂಭೀರವಾಗಿ, "ಆಮಾಮ್ಮಾ, ಹುಟ್ಟಿದಾಗಿಂದ" ಎಂದುಬಿಟ್ಟರು. ಅವಳು ನನ್ನ ಮುಡಿಗೆ ಒಂದು ಮೊಳ ಮಲ್ಲಿಗೆ ಸಿಕ್ಕಿಸಿದಳು. ನಾನು ನಗು ತಡೆಯಲಾರದೆ ಸಾಯುತ್ತಿದ್ದೆ.

ಆದರೆ ಆವತ್ತು ನನಗೆ ಹಲಸೂರು ಸಿಕ್ಕಿತು. ಕಾಫಿಪುಡಿ ಅಂಗಡಿ ಎಲ್ಲಿ ಮುಗಿದು ಗಂಧದಕಡ್ಡಿಯ ಅಂಗಡಿ ಎಲ್ಲಿ ಶುರುವಾಗುತ್ತದೆಂದು ಮೂಗಿಗೇ ಗೊತ್ತಾಯಿತು. ಮನೆಗೆ ಹೋದವಳೇ ನಮ್ಮ ಗಲ್ಲಿಯನ್ನು ಬರೆದೆ: "ಕಾಲಡಿಗೆ ಒಡೆದ ಚಪ್ಪಡಿ, ಅದರ ಕೆಳಗೆ ಹರಿಯುವ ನೀರಿನ ಸದ್ದು. ಎಡಕ್ಕೆ ಒಣಮೀನು ಹುರಿಯುತ್ತಿದ್ದಾರೆ. ಬಲಕ್ಕೆ ಯಾರೋ ಮಗುವನ್ನು ಬೈಯುತ್ತಲೇ ತೂಗುತ್ತಿದ್ದಾರೆ." ಭೂಷಣಣ್ಣ ಅದನ್ನು ಎರಡು ಸಲ ಕೇಳಿದರು. ಎರಡನೆಯ ಸಲ ವೇಗ ಇಳಿಸಿ ಕೇಳಿದರು. "ಈಗ ಬಂದೆ ನೋಡು ಊರಿಗೆ" ಎಂದರು. ನನಗೆ ಆಕಾಶಕ್ಕೆ ಮೂರೇ ಗೇಣು.

ಭೂಷಣಣ್ಣನ ಮನೆ ಬೈಯಪ್ಪನಹಳ್ಳಿಯ ಹಳೆ ಊರಿನೊಳಗೆ. ಅವರ ತಾತನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರಂತಸ್ತಿನ ಬಾಡಿಗೆ ಕೋಣೆಗಳು. ಕೆಳಗಿನ ಮನೆಯಲ್ಲಿ ಅವರ ಅಣ್ಣನ ಸಂಸಾರ, ಮೇಲೆ ಇವರು ಮತ್ತು ತಾಯಿ ಪಿಳ್ಳಮ್ಮ. ಪಿಳ್ಳಮ್ಮನವರಿಗೆ ಮಗನನ್ನು ಒಬ್ಬನೇ ಬೀದಿಗೆ ಬಿಡುವುದೆಂದರೆ ಆಗದು. ನಲವತ್ತು ದಾಟಿದ ಗಂಡಸು ಮೆಟ್ರೋ ಹತ್ತಲು ಹೊರಟರೆ ಬಾಗಿಲಿಂದ, "ಯಾರ್ನಾದ್ರೂ ಕೈ ಹಿಡ್ಕಳೋಕ್ಕೇಳ್ಲಾ" ಎಂದು ಕೂಗುವರು. ಆಟದ ಬಗ್ಗೆ ಅವರ ಅಭಿಪ್ರಾಯ ಒಂದೇ: "ಅದೇನ್ ರಾಜ್ಯ ಆಳ್ತಾನೋ ಕಾಣೆ, ಕುಂತಲ್ಲೇ ಕುಂತಿರ್ತಾನೆ."

ಒಂದು ದಿನ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ನಾನು ಸುಮ್ಮನಿರಲಾರದೆ ಕೇಳಿದೆ. "ಅಣ್ಣ, ನೀವ್ಯಾಕೆ ಯಾವತ್ತೂ ಆಟ ಆಡಲ್ಲ? ಬರೀ ದೊರೆಯಾಗಿ ಮೆಟ್ಟಿಲು ತೊಳೆಸ್ತೀರಿ."

ಭೂಷಣಣ್ಣ ಮುರಿದ ಮುದ್ದೆಯನ್ನು ತಟ್ಟೆಗೇ ಹಾಕಿದರು. ಆಮೇಲೆ ಹೇಳಿದರು, ನಿಧಾನವಾಗಿ, ಅವರ ಅಭ್ಯಾಸವೇ ಅಲ್ಲದ ಹಾಗೆ: "ಕಾಲೇಜಲ್ಲಿದ್ದಾಗ ಇಂಗ್ಲಿಷ್‌ನಲ್ಲಿ ಇಂಥ ಆಟಗಳು ಸಿಕ್ವು. ಮೊದಲ್ನೇ ದಿನಾನೇ ಒಂದು ಕಾಡಲ್ಲಿ ದಾರಿ ತಪ್ಪಿದೆ ಸುಜಿ. ಸಾಯಂಕಾಲದವರೆಗೂ ಈಚೆ ಬರೋಕೆ ಆಗ್ಲಿಲ್ಲ. ಏನ್ ಖುಷಿ ಅಂತೀಯ! ಹೊರಗಡೆ ನನ್ನ ಯಾರೂ ಕಳೆದುಹೋಗೋಕೆ ಬಿಡಲ್ಲ. ಒಂದು ಹೆಜ್ಜೆ ಅನುಮಾನ ಮಾಡಿದ್ರೆ ಸಾಕು, ಯಾರೋ ಬಂದು ಕೈ ಹಿಡ್ಕೊಂಡ್ಬಿಡ್ತಾರೆ. ಒಂದ್ಸಲ ಕನ್ನಡದಲ್ಲಿ ಕಳೆದುಹೋಗ್ಬೇಕು ಅಂತ ಕೆರೆಯಾಚೆ ಕಟ್ದೆ. ಆದ್ರೆ ನೋಡು, ಕಟ್ಟಿದವನು ನಾನೇ. ಬಾಗಿಲು ತೆಗೆಯೋಕೆ ಮುಂಚೇನೇ ಆಚೆ ಏನಿದೆ ಗೊತ್ತು."

ಪಿಳ್ಳಮ್ಮನವರು ಸಾರು ಬಡಿಸುವುದನ್ನು ಮರೆತು ಸೌಟು ಹಿಡಿದೇ ನಿಂತಿದ್ದರು.

ಧಾರವಾಡದ ಕಡೆ, ಕಣ್ಣು ಕಾಣದ ಮಕ್ಕಳ ಶಾಲೆಯೊಂದರಲ್ಲಿ ಅವರಿಗೆ ಮೇಷ್ಟ್ರ ಕೆಲಸ ಸಿಕ್ಕಿರುವ ಸುದ್ದಿಯನ್ನೂ ಆವತ್ತೇ ಹೇಳಿದರು. ಬೇಸಿಗೆ ಕಳೆದ ಮೇಲೆ ಹೊರಡುವುದು. "ಹೋಗೋಕೆ ಮುಂಚೆ ನನ್ನ ಒಂದ್ಸಲ ದಾರಿ ತಪ್ಪಿಸ್ತೀಯಾ?" ಎಂದು ಕೇಳಿದರು. ಕೆರೆಯ ಪೂರ್ವಕ್ಕಿದ್ದ ಬಯಲನ್ನು ನನಗೆ ಬಿಟ್ಟುಕೊಟ್ಟರು. ದೊರೆಯ ಅಧಿಕಾರದಿಂದ ಅದರೊಳಗೆ ಇಣುಕುವುದಿಲ್ಲ ಎಂದು ತಾಯಿಯ ಮೇಲೆ ಆಣೆ ಇಟ್ಟರು.

ಸರಿ, ಜಂಬದಿಂದಲೇ ಶುರುಮಾಡಿದೆ. ಮೊದಲು ಒಂದು ಚಕ್ರವ್ಯೂಹ ಕಟ್ಟಿದೆ, ಎಲ್ಲ ಕೋಣೆಯೂ ಒಂದೇ ಥರ. ಭೂಷಣಣ್ಣ ಆಟದ ಜೋಳಿಗೆಯಲ್ಲಿದ್ದದ್ದನ್ನೆಲ್ಲ ಕೋಣೆಗೊಂದರಂತೆ ಬೀಳಿಸುತ್ತಾ ಗುರುತು ಮಾಡಿಕೊಂಡು, ಟೀ ಆರುವಷ್ಟರಲ್ಲಿ ಈಚೆ ಬಂದರು. "ಇದು ದಾರಿ ತಪ್ಸೋದಲ್ಲ, ತಲೆನೋವು ಕೊಡೋದು" ಎಂದರು. ಆಮೇಲೆ ಕಾಡು. ಕೆಮ್ಮಣ್ಣು ಎಲ್ಲಿ ಮರಳಾಯಿತು, ಜೀರುಂಡೆ ಎಲ್ಲಿ ನಿಂತಿತು, ನೀರಿನ ವಾಸನೆ ಯಾವ ಕಡೆಯಿಂದ ಬಂತು ಎಂದು ಹಿಡಿದುಕೊಂಡೇ ನಡೆದುಬಿಟ್ಟರು. ಅವರೇ ಕಲಿಸಿದ ಹಾಗೆ ನಾನು ಬರೆದಿದ್ದೆ, ಅದನ್ನೇ ಹಿಡಿದು ಅವರು ದಾಟಿದರು. ಹೆಜ್ಜೆ ಎಣಿಸುವುದಂತೂ ಅವರಿಗೆ ಅವಮಾನ. "ಎಣಿಸೋದು ಹೊಸಬರ ಕೆಲಸ. ನಂಗೆ ಮೂಗಿದೆ" ಎನ್ನುವರು.

ಬೇಸಿಗೆ ಕರಗುತ್ತಾ ಬಂತು, ನನಗೆ ನಿದ್ದೆ ಕೆಟ್ಟಿತು. ಊಹೂಂ, ಏನೂ ಹೊಳೆಯಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ಭೂಷಣಣ್ಣ ಆಫೀಸಿಗೆ ಕೆಂಡವಾಗಿ ಬಂದರು. ಹಿಂದಿನ ಸಂಜೆ ಮೆಟ್ರೋ ಇಳಿದು ಮನೆಗೆ ಹೋಗುವಾಗ ಮಾಮೂಲಿನಂತೆ ಬಜ್ಜಿ ಗಾಡಿಯ ಎಣ್ಣೆ ವಾಸನೆ ಹಿಡಿದು ಎಡಕ್ಕೆ ತಿರುಗಿದ್ದಾರೆ. ಅಲ್ಲಿ ನೋಡಿದರೆ, ರಸ್ತೆ ಅಗೆದಿದ್ದಾರೆಂದು ಗಾಡಿಯವನು ಮುಂದಿನ ತಿರುವಿಗೆ ಹೋಗಿ ನಿಂತಿದ್ದಾನೆ. "ಯಾರದ್ದೋ ಕಾಂಪೌಂಡಿಗೆ ನುಗ್ಗಿದ್ದೀನಿ ಮಾರಾಯ್ತಿ! ಒದ್ದೆ ಸೀರೆ ಬಂದು ಮುಖಕ್ಕೆ ರಪ್ ಅಂತು. ಒಳಗಿಂದ ಒಬ್ಳು ಕಳ್ಳ ಕಳ್ಳ ಅಂತಾಳೆ! ಆ ಬಜ್ಜಿಯವನು ನಂಗೆ ಹೀಗ್ ಮೋಸ ಮಾಡೋದಾ?" ಆಫೀಸಿನವರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ನನ್ನ ತಲೆಯೊಳಗೆ ಏನೋ ಫಳಾರ್ ಅಂದಿತ್ತು. ಈ ಮನುಷ್ಯ ವಾಸನೆಯನ್ನು ಜಾಗದ್ದು ಅಂದುಕೊಂಡಿದ್ದಾರೆ, ಅದು ಗಾಡಿಯದ್ದು.

ಮಧ್ಯಾಹ್ನವೇ ಶಿವಾಜಿನಗರಕ್ಕೆ ಓಡಿ ಇಮ್ರಾನನ ಅಂಗಡಿಯಲ್ಲಿ ಕೂತೆ. "ಇಮ್ರಾನ್, ಇಷ್ಟು ದಿನ ನಾವು ವಾಸನೆಯನ್ನ ಕೋಣೆಗೆ ಅಂಟಿಸ್ತಿದ್ವಿ. ಬುಟ್ಟಿಗೆ ಅಂಟಿಸೋಕಾಗತ್ತಾ? ಮಲ್ಲಿಗೆ ಬುಟ್ಟಿ ಹೊತ್ತವರು ಎಲ್ಲಿಗೆ ಹೋದ್ರೆ ಅಲ್ಲಿ ಮಲ್ಲಿಗೆ ವಾಸನೆ ಬರ್ಬೇಕು."

ಇಮ್ರಾನ್ ಸ್ಕ್ರೂಡ್ರೈವರ್ ಕೆಳಗಿಟ್ಟ. "ಬುಟ್ಟಿ ಯಾರು ಹೊರ್ತಾರೆ?"

"ಮೆಟ್ಟಿಲು ತೊಳೆದವರೆಲ್ಲ ಇದ್ದಾರಲ್ಲ!"

ಅವನ ಮುಖ ಹಬ್ಬದ ಮುಖವಾಯಿತು. "ಬಿಲ್ಕುಲ್ ಆಗತ್ತೆ! ಅಕ್ಕಾ, ಈ ಕೆಲ್ಸಕ್ಕೆ ನಾನು ಊಟ ಬಿಟ್ಟು ಕೂರ್ತೀನಿ" ಎಂದ.

ಪೂರ್ವದ ಬಯಲಿನಲ್ಲಿ ಸಂತೆ ಎದ್ದಿತು. ನೆಲವೆಲ್ಲ ಒಂದೇ, ಜನ ತುಳಿದು ತುಳಿದು ಹದವಾದ ಮಣ್ಣು. ನಟ್ಟನಡುವೆ ಒಂದು ಬಾವಿ. ಭೂಷಣಣ್ಣ ಸುಂಕದ ಕಟ್ಟೆಯಿಂದ ಒಳಗೆ ಹೋಗಿ ಬಾವಿಯ ನೀರು ಕುಡಿದು ಮತ್ತೆ ಕಟ್ಟೆಗೆ ಬರಬೇಕು, ಅಷ್ಟೇ. ಕರೆ ಕಳಿಸಿದ್ದೇ ತಡ, ಆಟದ ಮಂದಿಯೆಲ್ಲ ಬಂದರು. ಕೆ.ಆರ್.ಪುರದ ಕಾಲೇಜು ಹುಡುಗಿಯರು ಒಣಮೀನು ಹೊತ್ತರು. ಭೂಷಣಣ್ಣನ ಹಾಗೆಯೇ ಕಣ್ಣು ಕಾಣದ, ಅವರ ಬುದ್ಧಿ ಚೆನ್ನಾಗಿ ಬಲ್ಲ ಮೈಸೂರಿನ ಬ್ಯಾಂಕ್ ನೌಕರರೊಬ್ಬರು ಬೆಲ್ಲದ ಬುಟ್ಟಿಯನ್ನು ತಾವೇ ಕೇಳಿ ಪಡೆದರು. ಇಮ್ರಾನ್ ಕಾಫಿಪುಡಿ, ಆಟದ ಸೂಲಗಿತ್ತಿ ಮಲ್ಲಿಗೆ. ಎಲ್ಲರಿಗೂ ಒಂದೇ ಮಾತು ಹೇಳಿದ್ದೆ: ಒಂದು ಕಡೆ ನಿಲ್ಲಬೇಡಿ, ಮಾರುತ್ತಾ ಓಡಾಡಿ.

ಭಾನುವಾರ ಬೆಳಗ್ಗೆ. ಭೂಷಣಣ್ಣ ತಮ್ಮ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ, ಪಕ್ಕದಲ್ಲಿ ನಾನು ನನ್ನ ಫೋನು ಹಿಡಿದು. ಅಡಿಗೆಮನೆಯಲ್ಲಿ ಪಿಳ್ಳಮ್ಮ ಅಕ್ಕಿರೊಟ್ಟಿ ತಟ್ಟುತ್ತಿದ್ದರು. ದೊರೆಯ ಅಧಿಕಾರವನ್ನೆಲ್ಲ ಕಳಚಿಟ್ಟು, ಒಬ್ಬ ಸಾಮಾನ್ಯ ದಾರಿಹೋಕನಾಗಿ ಅವರು ಕಟ್ಟೆ ದಾಟಿದರು. ಹತ್ತು ಹೆಜ್ಜೆ ಸರಾಗವಾಗಿ ಹೋದರು. ಮಲ್ಲಿಗೆ ಬಂತು, ಬಲಕ್ಕೆ ತಿರುಗಿದರು. ಕಾಫಿಪುಡಿ ಬಂತು, ನಕ್ಕು ಎಡಕ್ಕೆ ಹೊರಳಿದರು. ಬಾವಿಯೂ ಸಿಕ್ಕಿತು, ನೀರೂ ಕುಡಿದರು. "ಇಷ್ಟೇನಾ ಸುಜಿ?" ಎಂದರು.

ವಾಪಸ್ ಹೊರಟರು. ಕಾಫಿಪುಡಿಯ ವಾಸನೆ ಹಿಡಿದು ಹೋದರೆ ಅಲ್ಲಿ ಮಲ್ಲಿಗೆ ಇಲ್ಲ, ಒಣಮೀನು. ಮುಂದೆ ಹೋದರೆ ಮತ್ತೆ ಕಾಫಿಪುಡಿ. ಹುಬ್ಬು ಗಂಟಿಕ್ಕಿತು. ಹಳೆಯ ಉಪಾಯಕ್ಕೆ ಕೈಹಾಕಿ, ಗುರುತಿಗೆಂದು ಜೋಳಿಗೆಯ ತೆಂಗಿನಕಾಯಿಯನ್ನು ನೆಲಕ್ಕೆ ಹಾಕಿದರು. ನಾಲ್ಕು ಹೆಜ್ಜೆ ಸುತ್ತಿ ಬರುವಷ್ಟರಲ್ಲಿ ಕಾಯಿ ಇಲ್ಲ! ಸಂತೆಯಲ್ಲಿ ಬಿದ್ದದ್ದು ಉಳಿಯುತ್ತದೆಯೇ? ಬೆಲ್ಲದವರು ಎದುರಿಗೆ ಬಂದು, "ಸ್ವಾಮಿ, ಒಳ್ಳೆ ಕಾಯಿ ಇದೆ, ಬೇಕಾ?" ಎಂದು ಅವರ ಕಾಯಿಯನ್ನೇ ಅವರಿಗೆ ತೋರಿಸಿದರು.

ಭೂಷಣಣ್ಣನ ಬೆರಳು ನಿಂತುಹೋಯಿತು. ಜೀವಮಾನದಲ್ಲಿ ಯಾರನ್ನೂ ದಾರಿ ಕೇಳದ ಮನುಷ್ಯ ನಿಧಾನವಾಗಿ ಟೈಪ್ ಮಾಡಿದರು: "ಅಯ್ಯಾ, ಸುಂಕದ ಕಟ್ಟೆಗೆ ದಾರಿ ಯಾವುದು?"

ಕಾಫಿಪುಡಿಯ ಇಮ್ರಾನ್ ಅತಿ ವಿನಯದಿಂದ ಉತ್ತರಿಸಿದ: "ಹೀಗೇ ನೇರ ಹೋಗಿ ಬುದ್ಧಿ, ಮಲ್ಲಿಗೆಯವಳು ಸಿಗ್ತಾಳೆ, ಅಲ್ಲಿ ತಿರುಗಿ." ಮಲ್ಲಿಗೆಯವಳು ಅಷ್ಟು ಹೊತ್ತಿಗೆ ಸಂತೆಯ ಇನ್ನೊಂದು ತುದಿಯಲ್ಲಿದ್ದಳು.

ಇನ್ನೂ ಸ್ವಲ್ಪ ಹೊತ್ತು ಅಲೆದರು. ಒಂದು ಕಡೆ ಯಾರೋ ಬಳೆ ಕೊಳ್ಳಿ ಎಂದರು, ಇನ್ನೊಂದು ಕಡೆ ಯಾರೋ ಅವರ ಕಾಲು ತುಳಿದು ಅವರನ್ನೇ ಬೈದರು. ಕೊನೆಗೆ ಹೆಡ್‌ಫೋನು ಕಿತ್ತಿಟ್ಟು ನನ್ನ ಕಡೆ ತಿರುಗಿದರು. "ಸುಜಿ, ನಾನೀಗ ಎಲ್ಲಿದ್ದೀನಿ?"

ಗಟ್ಟಿ ಮನಸ್ಸು ಮಾಡಿ ಹೇಳಿದೆ: "ಹೇಳಲ್ಲ ಅಣ್ಣ."

ಅವರ ಹೊಟ್ಟೆಯೊಳಗಿಂದ ಒಂದು ನಗು ಹೊರಟಿತು ನೋಡಿ, ಅಂಥ ನಗುವನ್ನು ನಾನು ದೊಡ್ಡವರ ಬಾಯಲ್ಲಿ ಕೇಳಿಯೇ ಇರಲಿಲ್ಲ. ಕುರ್ಚಿಯಿಂದ ಎದ್ದು ಎರಡೂ ಕೈ ಮೇಲೆತ್ತಿ ಕೂಗಿದರು: "ಅಮ್ಮಾ! ಕಳೆದೋಗ್ಬಿಟ್ಟೆ ಕಣಮ್ಮಾ! ನಾನು ಕಳೆದೋಗ್ಬಿಟ್ಟೆ!"

ಪಿಳ್ಳಮ್ಮ ಕೈಯೆಲ್ಲ ಹಿಟ್ಟು ಮಾಡಿಕೊಂಡು ಓಡಿಬಂದರು. "ಎಲ್ಲೋ? ಏನಾಯ್ತೋ? ಇಲ್ಲೇ ಕುಂತಿದ್ದಲ್ಲೋ ಮೂದೇವಿ!" ಎಂದು ಮಗನ ಮೈ ಕೈ ಸವರಿದರು. ನಾನು ವಿಷಯ ಬಿಡಿಸಿ ಹೇಳಿದೆ. ಆ ತಾಯಿ ಮಗನ ಮುಖವನ್ನೇ ನೋಡುತ್ತಾ ನಿಂತರು. ಅವರ ಕಣ್ಣು ತುಂಬಿತು. ಕೈ ಹಿಡಿಯಲು ಮುಂದೆ ಚಾಚಿದ್ದ ತಮ್ಮ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡು, "ಹಂಗಾರೆ ನಿಧಾನಕ್ಕೆ ಬಾ ಮಗ, ನಾನೇನೂ ಹುಡುಕಕ್ಕಿಲ್ಲ. ರೊಟ್ಟಿ ಮುಚ್ಚಿಟ್ಟಿರ್ತೀನಿ" ಎಂದು ಒಳಗೆ ಹೋದರು.

ಅವರು ಮಧ್ಯಾಹ್ನದವರೆಗೂ ಸಂತೆಯಲ್ಲೇ ಅಲೆದರು. ದಾರಿ ಸಿಕ್ಕಿದ್ದಕ್ಕಿಂತ ಸಿಗದಿದ್ದುದೇ ಹೆಚ್ಚು ಹಿಡಿಸಿತ್ತು. ಕಟ್ಟೆಗೆ ಬಂದು ಮುಟ್ಟಿದಾಗ ಸಂತೆಯ ಅಷ್ಟೂ ಮಂದಿ ಬುಟ್ಟಿ ಇಳಿಸಿ ಅಲ್ಲಿ ಸೇರಿದ್ದರು. ಇಮ್ರಾನ್ ಸಂಭ್ರಮದಲ್ಲಿ ಮೈಮರೆತು, "ಅಣ್ಣಾ, ಇಂಟರ್ನೆಟ್ ಸ್ಲೋ ಇತ್ತು, ಇಲ್ದಿದ್ರೆ ಇನ್ನೂ ಸತಾಯಿಸ್ತಿದ್ದೆ!" ಎಂದುಬಿಟ್ಟ. ದೊರೆ ಒಡನೆಯೇ ಅವನನ್ನು ಮೆಟ್ಟಿಲಿಗೆ ಅಟ್ಟಿದರು. ಅವನ ಜೊತೆ ತಾವೂ ಹೋಗಿ ತೊಳೆದರು. ಮಿಕ್ಕವರೂ ಒಬ್ಬೊಬ್ಬರಾಗಿ ಇಳಿದು, ಕಲ್ಯಾಣಿಯೆಲ್ಲ 'ತೊಳೆ, ತೊಳೆ' ಎಂದಾಯಿತು. ನಾನು ಗೆದ್ದಿದ್ದೆ. ನಮ್ಮ ಮರ್ಫಿ ಟೌನಿನ ಗಲ್ಲಿಯಲ್ಲಿ ಆವತ್ತು ಎಲ್ಲರಿಗೂ ಪಾಯಸ ಹಂಚಿದೆ. ಯಾಕೆಂದು ಕೇಳಿದವರಿಗೆಲ್ಲ "ನಮ್ಮ ಅಣ್ಣ ಕಳೆದುಹೋದ್ರು" ಎಂದೆ, ಅವರು ಬೆಪ್ಪಾಗಿ ಲೋಟ ಹಿಡಿದು ನಿಂತರು.

ಕೊನೆಯ ಭೇಟಿ ಬೈಯಪ್ಪನಹಳ್ಳಿಯ ರೈಲು ಟರ್ಮಿನಲ್‌ನಲ್ಲಿ. ಪಿಳ್ಳಮ್ಮನವರು ಚಟ್ನಿಪುಡಿಯ ಡಬ್ಬಗಳ ಮೇಲೆ ನಿಗಾ ಇಟ್ಟು ಕೂತಿದ್ದರು. ಭೂಷಣಣ್ಣ ಫೋನು ತೆಗೆದು, ದೊರೆತನವನ್ನು ಅಲ್ಲೇ ನನ್ನ ಹೆಸರಿಗೆ ಮಾಡಿದರು. ತಮ್ಮ ಹಳೆಯ ಹೆಸರನ್ನು ಆಟದಿಂದ ಅಳಿಸಿಹಾಕಿದರು.

"ಇನ್ಮೇಲೆ ಬೇರೆ ಹೆಸರಲ್ಲಿ ಬರ್ತೀನಿ. ಯಾವ್ದು ಅಂತ ಹೇಳಲ್ಲ. ಬರೋದು ಯಾವಾಗ ಅಂತಾನೂ ಹೇಳಲ್ಲ."

"ದೊರೆ ನಾನೀಗ. ಒಂದು ಕಮ್ಯಾಂಡ್ ಹೊಡೆದ್ರೆ ಯಾರ್ಯಾರು ಎಲ್ಲಿಂದ ಬಂದಿದ್ದಾರೆ ಅಂತ ಗೊತ್ತಾಗತ್ತೆ" ಎಂದು ಗುರ್ರೆಂದೆ. ಅಳು ಬರುತ್ತಿತ್ತು, ಅದಕ್ಕೇ.

"ಗೊತ್ತು. ಹುಡುಕ್ಬೇಡ ಸುಜಿ" ಎಂದರು. ರೈಲು ಬಂದಾಗ ಪಿಳ್ಳಮ್ಮನವರು ಸುಮ್ಮನೆ ಕೂತೇ ಇದ್ದರು, ಭೂಷಣಣ್ಣ ಡಬ್ಬಗಳ ಚೀಲ ಹೆಗಲಿಗೇರಿಸಿ, ಒಬ್ಬರೇ ಕೋಲು ತಟ್ಟುತ್ತಾ ತಮ್ಮ ಬೋಗಿ ಹುಡುಕಿಕೊಂಡು ಹತ್ತಿದರು.

ಈಗ ಕೆರೆಯಾಚೆ ಮೊದಲಿಗಿಂತ ದೊಡ್ಡದಾಗಿದೆ. ಪ್ರತಿ ವಾರ ಹೊಸ ಬೀದಿ ಸೇರಿಸುತ್ತೇನೆ, ಹೊಸಬರು ಬರುತ್ತಲೇ ಇದ್ದಾರೆ, ಯಾವ ಊರಿನವರೋ, ಯಾರೋ. ಆ ಕಮ್ಯಾಂಡನ್ನು ನಾನು ಇವತ್ತಿನವರೆಗೂ ಹೊಡೆದಿಲ್ಲ. ಆಗಾಗ ಪೂರ್ವದ ಬೀದಿಗಳಿಂದ ಯಾರಾದರೂ ಕೂಗುತ್ತಾರೆ: "ದಾರಿ ತಪ್ಪಿದೆ, ಯಾರಾದ್ರೂ ಇದ್ದೀರಾ?" ಉಳಿದವರು ನೆರವಿಗೆ ಓಡಲು ಹೊರಟರೆ ದೊರೆಸಾನಿಯಾದ ನಾನು ಗದರಿ ನಿಲ್ಲಿಸುತ್ತೇನೆ: "ಯಾರೂ ಕೈ ಹಿಡೀಬೇಡಿ. ಅವರ ಪಾಡಿಗೆ ಬಿಡಿ."